ಹೊಲಕ್ಕೆ ಬಂದ ನೀರು ತಟ್ಟೆಗೂ ಬರಲಿ

ಬನಹಟ್ಟಿಯಿಂದ ಜಮಖಂಡಿ ಕಡೆಗೆ ಬಸ್ಸಿನಲ್ಲಿ ಹೊರಟರೆ ಕಿಟಕಿಯಾಚೆ ಕಾಣುವುದು ಕಬ್ಬು. ಮುಧೋಳದ ದಾರಿ ಹಿಡಿದರೂ ಅದೇ ಕಬ್ಬು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ. ವರ್ಷಕ್ಕೆ 600 ಮಿಲಿಮೀಟರಿಗಿಂತಲೂ ಕಡಿಮೆ ಮಳೆ ಬೀಳುವ ಬಾಗಲಕೋಟೆ ಜಿಲ್ಲೆಯಲ್ಲಿ ಇಷ್ಟೊಂದು ಹಸಿರು ಕಂಡರೆ ಯಾರಿಗೆ ತಾನೇ ಸಂತೋಷವಾಗದು? ಆದರೆ ಅದೇ ಬಸ್ಸಿನಲ್ಲಿ, ಅದೇ ಕಬ್ಬಿನ ಊರಿನ ತಾಯಿಯೊಬ್ಬಳು ಸಂತೆಯಿಂದ ಎರಡು ಸಿವುಡು ಮೆಂತ್ಯ ಸೊಪ್ಪು, ಅರ್ಧ ಕಿಲೋ ಬದನೆಕಾಯಿ ಕೊಂಡು ಮರಳುತ್ತಿರುತ್ತಾಳೆ. ಸೊಪ್ಪು ಎರಡು ದಿನಕ್ಕೆ ಮುಗಿಯುತ್ತದೆ. ಮುಂದಿನ ಸಂತೆಯ ತನಕ ರೊಟ್ಟಿಗೆ ಬೇಳೆಸಾರು, ಶೇಂಗಾ ಚಟ್ನಿ, ಇಲ್ಲವೇ ಬರೀ ಖಾರ.

ನೀರಿರುವ ಊರಿನಲ್ಲಿ ಹೀಗೇಕೆ? ಈ ಪ್ರಶ್ನೆಯನ್ನು ನಾವು ನಮ್ಮ ನಮ್ಮ ಅಡುಗೆ ಮನೆಯಲ್ಲೇ ನಿಂತು ಕೇಳಿಕೊಳ್ಳಬೇಕಾಗಿದೆ.

ಬೆವರಿನಿಂದ ಬಂದ ನೀರು

ಈ ಭಾಗಕ್ಕೆ ನೀರು ಸುಮ್ಮನೆ ಬಂದದ್ದಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಒಟ್ಟಾಗಿ ಹಣ ಕೂಡಿಸಿ, ಮೈಮುರಿದು ದುಡಿದು, ಸರಕಾರಕ್ಕಾಗಿ ಕಾಯದೆ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. 1989ರಲ್ಲಿ ಪೂರ್ಣಗೊಂಡ ಆ ಕಟ್ಟೆಗೆ ‘ಶ್ರಮಬಿಂದು ಸಾಗರ’ ಎಂಬ ಹೆಸರು. ಅದರ ಮುಂದಾಳತ್ವ ವಹಿಸಿದ್ದ ಸಿದ್ದು ನ್ಯಾಮಗೌಡರು 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿ ಬಂದರು. 2018ರಲ್ಲಿ ಅವರು ತೀರಿಕೊಳ್ಳುವವರೆಗೂ ಜನ ಅವರನ್ನು ಬ್ಯಾರೇಜಿನ ಹೆಸರು ಸೇರಿಸಿಯೇ ಕರೆಯುತ್ತಿದ್ದರು.

ನೀರು ನಿಂತಿತು, ಪಂಪ್‌ಸೆಟ್ಟುಗಳು ಕೂತವು, ಜೋಳದ ಹೊಲಕ್ಕೆ ಕಬ್ಬು ಬಂತು. ಸಕ್ಕರೆ ಕಾರ್ಖಾನೆಗಳು ಎದ್ದವು. ಎಷ್ಟೋ ಮನೆಗಳ ಸಾಲ ತೀರಿತು, ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಇನ್ನೊಂದು ಮಾತೂ ಇದೆ. ಜೋಳದ ಹೊಲವೆಂದರೆ ಬರೀ ಜೋಳ ಇರುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು, ಅದರಲ್ಲಿ ತೊಗರಿ, ಅಲಸಂದಿ, ಪುಂಡಿ. ಬದುವಿನಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ, ರಾಜಗಿರಿ. ಕಳೆ ತೆಗೆಯಲು ಹೋದ ಹೆಂಗಸರು ಸಂಜೆ ಮರಳುವಾಗ ಸೆರಗಿನಲ್ಲಿ ತಪ್ಪಲು ಇರುತ್ತಿತ್ತು. ಅದಕ್ಕೆ ದುಡ್ಡು ಕೊಡಬೇಕಾಗಿರಲಿಲ್ಲ. ಕಬ್ಬಿನ ಹೊಲದಿಂದ ಮನೆಗೆ ಬರುವುದು ಕಾರ್ಖಾನೆಯ ಬಿಲ್ಲು. ಕಳೆನಾಶಕ ಹೊಡೆದ ಹೊಲದಲ್ಲಿ ಹಕ್ಕರಕಿ ಉಳಿಯುವುದಿಲ್ಲ, ಉಳಿದರೂ ಅದನ್ನು ಕಿತ್ತು ತಿನ್ನಬಾರದು.

ಹಸಿರಿನ ನಡುವೆ ಬಿಳಿಚಿದ ಮುಖಗಳು

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಶೇ. 65.5. ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚಾಗಿವೆ. ಅಂದರೆ ನಿಮ್ಮ ಓಣಿಯಲ್ಲಿ ಹತ್ತು ಹೆಂಗಸರು ಒಟ್ಟು ಸೇರಿದರೆ ಅವರಲ್ಲಿ ಹೆಚ್ಚುಕಡಿಮೆ ಐವರಿಗೆ ರಕ್ತ ಕಡಿಮೆ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೇ ತಲೆಸುತ್ತು. ಇದನ್ನು ನಾವು ‘ಕೆಲಸ ಜಾಸ್ತಿ, ಅದಕ್ಕೇ ಸುಸ್ತು’ ಎಂದು ತಳ್ಳಿಹಾಕುತ್ತೇವೆ.

ಒಬ್ಬ ವಯಸ್ಕ ವ್ಯಕ್ತಿ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 400 ಗ್ರಾಂ ತರಕಾರಿ, ಅದರ ಮೇಲೆ 100 ಗ್ರಾಂ ಹಣ್ಣು ಎಂದು ಹೇಳುತ್ತದೆ. ಆ ತರಕಾರಿಯಲ್ಲಿ 100 ಗ್ರಾಂ ಸೊಪ್ಪೇ ಇರಬೇಕು. ಐದು ಮಂದಿಯ ಮನೆಗೆ ದಿನಕ್ಕೆ ಅರ್ಧ ಕಿಲೋ ಸೊಪ್ಪು! ಸಂತೆಯ ಎರಡು ಸಿವುಡಿನಿಂದ ಇದು ಸಾಧ್ಯವೇ?

ನಾಲ್ಕು ಕೊಡ ನೀರಿನ ಲೆಕ್ಕ

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಕಬ್ಬಿಗೆ ಮಳೆ ಮತ್ತು ನೀರಾವರಿ ಸೇರಿ ವರ್ಷಕ್ಕೆ 1500ರಿಂದ 2500 ಮಿಲಿಮೀಟರ್ ನೀರು ಬೇಕು. ನಡುವಿನ 2000 ಎಂದು ಹಿಡಿದರೂ ಒಂದು ಎಕರೆಗೆ ಸುಮಾರು 80 ಲಕ್ಷ ಲೀಟರ್ ಆಯಿತು.

ಮನೆಯ ಹಿತ್ತಿಲಲ್ಲಿ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಸೊಪ್ಪಿನ ಮಡಿಗೆ ಬೇಸಿಗೆಯಲ್ಲೂ ದಿನಕ್ಕೆ ಸುಮಾರು 50 ಲೀಟರ್ ಸಾಕು. ನಾಲ್ಕು ಕೊಡ ನೀರು! ಒಂದು ಎಕರೆ ಕಬ್ಬು ಕುಡಿಯುವ ನೀರಿನಲ್ಲಿ ಇಂತಹ ನಾನೂರಕ್ಕೂ ಹೆಚ್ಚು ಮಡಿಗಳನ್ನು ವರ್ಷವಿಡೀ ಬೆಳೆಯಬಹುದು. ಹಾಗಾದರೆ ನಮಗೆ ಕೊರತೆ ಇರುವುದು ನೀರಿನದೋ, ಗಮನದ್ದೋ?

ಆ ನಾಲ್ಕು ಕೊಡವನ್ನೂ ಹೊಸದಾಗಿ ತರಬೇಕೆಂದಿಲ್ಲ. ಐವರಿರುವ ಮನೆಯಲ್ಲಿ ತಂಬಿಗೆಯಿಂದ ವುಝೂ ಮಾಡಿದರೂ ಒಬ್ಬರಿಗೆ ಒಂದು ಸಲಕ್ಕೆ ಒಂದೂವರೆ ಲೀಟರಿನಂತೆ ಐದು ಹೊತ್ತಿಗೆ ಸುಮಾರು 37 ಲೀಟರ್ ಆಗುತ್ತದೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹತ್ತು ಹನ್ನೆರಡು ಲೀಟರ್. ಎರಡೂ ಸೇರಿದರೆ ಮಡಿಯ ಪಾಲು ಸಿಕ್ಕಿತಲ್ಲ! ಈಗ ಅದು ಗಟಾರಕ್ಕೆ ಹೋಗುತ್ತಿದೆ. ವುಝೂ ಮಾಡುವ ಕಟ್ಟೆಯಿಂದ ಒಂದು ಪೈಪು ಹಾಕಿ ಮಡಿಯ ಕಡೆಗೆ ತಿರುಗಿಸಿದರೆ ಕೆಲಸ ಮುಗಿಯಿತು.

2019ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ ಈ ಊರುಗಳು ಕುಡಿಯುವ ನೀರಿಗೂ ಪರದಾಡಿದವು. ಅದೇ ವರ್ಷ ಆಗಸ್ಟಿನಲ್ಲಿ ಅದೇ ನದಿ ಉಕ್ಕಿ ಹರಿಯಿತು. ನದಿಯನ್ನೇ ನಂಬಿ ಕುಳಿತವರಿಗೆ ಆ ವರ್ಷ ಪಾಠ ಕಲಿಸಿತು. ಬಳಸಿದ ನೀರನ್ನು ಮತ್ತೊಮ್ಮೆ ಬಳಸುವ ಮನೆಗೆ ಕಷ್ಟಕಾಲದಲ್ಲೂ ಒಂದಿಷ್ಟು ಹಸಿರು ಉಳಿಯುತ್ತದೆ.

ಹೀಗೆ ಮಾಡಿ ನೋಡಿ

• ಮಡಿಯನ್ನು ನಾಲ್ಕು ಭಾಗ ಮಾಡಿ. ವಾರಕ್ಕೊಂದು ಭಾಗದಲ್ಲಿ ಮೆಂತ್ಯ, ರಾಜಗಿರಿ, ಸಬ್ಬಸಿಗೆ ಬಿತ್ತಿ. ಮೆಂತ್ಯ ಮೂರು ನಾಲ್ಕು ವಾರಕ್ಕೆ ಕೀಳಲು ಬರುತ್ತದೆ. ನಾಲ್ಕನೆಯ ಭಾಗ ಬಿತ್ತುವಷ್ಟರಲ್ಲಿ ಮೊದಲನೆಯದು ಅಡುಗೆ ಮನೆಗೆ ಬಂದಿರುತ್ತದೆ. ವಾರಕ್ಕೆ ಮೂರು ನಾಲ್ಕು ದಿನದ ಪಲ್ಲೆಗೆ ಇದು ಸಾಕು.

• ಬಳ್ಳಿಗೆ ಮಡಕೆ ನೀರಾವರಿ ಒಳ್ಳೆಯದು. ಬಣ್ಣ ಬಳಿಯದ ಹಳೆಯ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ಸುತ್ತ ಹೀರೇಕಾಯಿ, ಸೋರೆಕಾಯಿ ಬೀಜ ಹಾಕಿ. ಮಡಕೆಗೆ ನೀರು ತುಂಬಿ ಮುಚ್ಚಿ. ಅದು ಜಿನುಗಿ ನೇರವಾಗಿ ಬೇರಿಗೆ ಮುಟ್ಟುತ್ತದೆ. ಎರಡು ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು.

• ಬೇಲಿಯಂಚಿಗೆ ಒಂದು ನುಗ್ಗೆ, ಒಂದು ಪಪ್ಪಾಯಿ, ಒಂದು ಕರಿಬೇವು, ಒಂದು ಲಿಂಬೆ ನೆಡಿ. ನುಗ್ಗೆಯ ಕಾಯಿ ಮಾತ್ರವಲ್ಲ, ಸೊಪ್ಪನ್ನೂ ತಿನ್ನಿ.

• ಸಾಬೂನಿನ ನೀರನ್ನು ಸೊಪ್ಪಿಗೆ ಹಾಕಬೇಡಿ. ಅದನ್ನು ಬಾಳೆಯ ಬುಡಕ್ಕೆ ಬಿಡಿ. ನೇಕಾರ ಮನೆಗಳಲ್ಲಿ ನೂಲಿಗೆ ಬಣ್ಣ ಹಾಕಿದ ನೀರನ್ನು ಯಾವ ಗಿಡಕ್ಕೂ ಹಾಕಬಾರದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಶುದ್ಧ ನೀರೇ ಇರಲಿ.

• ನೀರು ನಿಲ್ಲಲು ಬಿಡಬೇಡಿ. ನಿಂತ ನೀರು ಸೊಳ್ಳೆಗೆ ತವರು. ನಮ್ಮ ಕಪ್ಪು ಮಣ್ಣಿಗೆ ಅತಿ ನೀರು ಕುಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಾಲುವೆ ಬದಿಯಲ್ಲಿ ಸವುಳು ಬಿದ್ದ ಹೊಲಗಳೇ ಸಾಕ್ಷಿ.

• ಹಿತ್ತಿಲಿಲ್ಲದ ಓಣಿ ಮನೆಯೇ? ಗೋಣಿಚೀಲ, ಒಡೆದ ಬಕೆಟ್, ಎಣ್ಣೆ ಡಬ್ಬಿಗೆ ಮಣ್ಣು ಗೊಬ್ಬರ ತುಂಬಿ ಮಾಳಿಗೆಯ ಮೇಲಿಡಿ. ತಳಕ್ಕೆ ತೂತು ಹಾಕಲು ಮರೆಯಬೇಡಿ.

ಹೊಲವಿರುವ ಮನೆಯವರಿಗೆ ಇನ್ನೂ ಸುಲಭ. ಕಬ್ಬಿನ ಸಾಲುಗಳನ್ನು ನಾಲ್ಕೈದು ಅಡಿ ಅಂತರದಲ್ಲಿ ಹಾಕಿದರೆ ಮೊದಲ ಮೂರು ತಿಂಗಳು ನಡುವೆ ಉಳ್ಳಾಗಡ್ಡಿ, ಮೆಂತ್ಯ, ಕೊತ್ತಂಬರಿ ಬೆಳೆಯಬಹುದು. ಹನಿ ನೀರಾವರಿಗೆ ಸರಕಾರದ ಸಹಾಯಧನವಿದೆ, ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ತೋಟಗಾರಿಕೆ ವಿಶ್ವವಿದ್ಯಾಲಯವೇ 2008ರಿಂದ ಬಾಗಲಕೋಟೆಯಲ್ಲಿದೆ.

ಬೆಳೆದರೆ ಸಾಲದು

‘ನಾವು ಮಾಂಸ ತಿನ್ನುವವರು, ನಮಗೇಕೆ ಸೊಪ್ಪು?’ ಎಂಬ ಮಾತು ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ಮಾಂಸದ ಕಬ್ಬಿಣಾಂಶ ದೇಹಕ್ಕೆ ಬೇಗ ಹತ್ತುತ್ತದೆ ಎಂಬುದು ನಿಜ. ಆದರೆ ವಾರಕ್ಕೊಮ್ಮೆ ತರುವ ಮಾಂಸದಲ್ಲಿ ಮನೆಯೊಡತಿಯ ಪಾಲಿಗೆ ಬರುವುದೆಷ್ಟು? ಮಕ್ಕಳಿಗೆ, ಗಂಡಸರಿಗೆ ಬಡಿಸಿ, ಕೊನೆಗೆ ಪಾತ್ರೆಯ ತಳದ ರಸದಲ್ಲಿ ರೊಟ್ಟಿ ಅದ್ದಿ ತಿನ್ನುವವರು ನಾವೇ ಅಲ್ಲವೇ? ಅಲ್ಲದೆ ಸೊಪ್ಪಿನಲ್ಲಿರುವ ನಾರು, ಫೋಲಿಕ್ ಆಮ್ಲ, ಎ ಜೀವಸತ್ವದ ಮೂಲಾಂಶ ಇವು ಮಾಂಸದ ತುಣುಕಿನಿಂದ ಪೂರೈಕೆಯಾಗುವುದಿಲ್ಲ.

ಪಲ್ಲೆಯ ಮೇಲೆ ಲಿಂಬೆ ಹಿಂಡಿ ತಿನ್ನಿ. ಹುಳಿಯಲ್ಲಿರುವ ಸಿ ಜೀವಸತ್ವ ಸೊಪ್ಪಿನ ಕಬ್ಬಿಣವನ್ನು ದೇಹಕ್ಕೆ ಸೇರಿಸುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದೇ ಕಬ್ಬಿಣ ವ್ಯರ್ಥವಾಗುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ. ಆದರೆ ಸೊಪ್ಪು ತಿನ್ನುತ್ತೇವೆಂದು ಮಾತ್ರೆ ಬಿಡುವುದು ಬೇಡ. ಗರ್ಭಿಣಿಯರಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ 180 ದಿನಗಳ ಕಬ್ಬಿಣದ ಮಾತ್ರೆಯನ್ನು ತಪ್ಪದೆ ತೆಗೆದುಕೊಳ್ಳಲೇಬೇಕು. ಹಿಮೋಗ್ಲೋಬಿನ್ 12ಕ್ಕಿಂತ, ಗರ್ಭಿಣಿಯಾದರೆ 11ಕ್ಕಿಂತ ಕಡಿಮೆಯಿದ್ದರೆ ವೈದ್ಯರನ್ನು ಕಾಣಿ.

ನೀರಿನ ಮಾತಿನಲ್ಲಿ ನಿಮಗೂ ಪಾಲಿರಲಿ

ಹೊಲದಲ್ಲಿ ಏನು ಬಿತ್ತಬೇಕು, ಮೋಟರು ಯಾವಾಗ ಹಾಕಬೇಕು ಎಂಬ ಮಾತು ನಡೆಯುವುದು ಪಡಸಾಲೆಯಲ್ಲಿ. ಏನು ಉಣ್ಣಬೇಕು ಎಂಬುದು ನಿರ್ಧಾರವಾಗುವುದು ಅಡುಗೆ ಮನೆಯಲ್ಲಿ. ಇವೆರಡೂ ಒಂದೇ ಮಾತು ಎಂಬುದನ್ನು ನಾವು ಮರೆತಿದ್ದೇವೆ. ಇಂದು ರಾತ್ರಿ ಊಟಕ್ಕೆ ಬಡಿಸುವಾಗ ಮನೆಯವರಲ್ಲಿ ಇಷ್ಟು ಕೇಳಿ ನೋಡಿ: ‘ಕಬ್ಬಿಗೆ ಅಷ್ಟು ನೀರು ಹೋಗುತ್ತದಲ್ಲ, ನಮ್ಮ ಮಕ್ಕಳ ಪಲ್ಲೆಗೆ ಎರಡು ಸಾಲು ಬಿಡುತ್ತೀರಾ?’ ಜಗಳ ಬೇಡ, ಹಟ ಬೇಡ. ಲೆಕ್ಕ ತೋರಿಸಿದರೆ ಒಪ್ಪದವರು ಕಡಿಮೆ.

ಎರಡು ಸಾಲು ಸಿಗದಿದ್ದರೂ ಚಿಂತೆಯಿಲ್ಲ. ಹಿತ್ತಿಲಿನ ಹತ್ತು ಅಡಿ ಜಾಗ, ವುಝೂ ಕಟ್ಟೆಯ ನೀರು, ಒಂದು ಮುಷ್ಟಿ ಮೆಂತ್ಯ ಕಾಳು ಇವಿಷ್ಟೂ ನಿಮ್ಮ ಕೈಯಲ್ಲೇ ಇವೆ. ಹಿತ್ತಲ ಗಿಡ ಮದ್ದಲ್ಲ ಎಂಬುದು ಗಾದೆ. ರಕ್ತ ಕಡಿಮೆಯಾದ ಮನೆಗೆ ಹಿತ್ತಲ ಗಿಡವೂ ಮದ್ದೇ. ನಾಳೆ ಬೆಳಗ್ಗೆ ಬೀಜ ನೆನೆಹಾಕಿ. ತಿಂಗಳು ತುಂಬುವ ಮೊದಲು ನಿಮ್ಮ ತಟ್ಟೆಯಲ್ಲಿ ನೀವೇ ಬೆಳೆದ ಸೊಪ್ಪಿರುತ್ತದೆ. ಆ ದಿನವಾದರೂ ಎಲ್ಲರ ಜೊತೆ ಕೂತು ಊಟ ಮಾಡಿ, ಮೊದಲ ತುತ್ತಿನಲ್ಲೇ ನಿಮ್ಮ ಪಾಲು ತೆಗೆದುಕೊಳ್ಳಿ.