ಹಳೆಯ ಸಿಂಥಸೈಜರ್‌ಗೆ ಹೊಸ ವೇಗ

ಗಣೇಶೋತ್ಸವದ ಆರ್ಕೆಸ್ಟ್ರಾ ಇರಲಿ, ಸಂಘದ ವಾರ್ಷಿಕೋತ್ಸವ ಇರಲಿ, ಕೀಬೋರ್ಡ್ ಇಲ್ಲದ ವೇದಿಕೆ ಇಂದು ಅಪರೂಪ. ಬೇರೆ ಬೇರೆ ಕಂಪನಿಗಳ ಕೀಬೋರ್ಡ್‌ಗಳನ್ನು ಒಂದಕ್ಕೊಂದು ಜೋಡಿಸಿ ನುಡಿಸುವ 'ಮಿಡಿ' ವ್ಯವಸ್ಥೆ ಮೊದಲು ಪ್ರದರ್ಶನಗೊಂಡದ್ದು 1983ರ ಜನವರಿಯಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅಂದು ಜಪಾನಿನ ರೋಲ್ಯಾಂಡ್ ಕಂಪನಿಯ ಸಿಂಥಸೈಜರ್ ಜೊತೆ ಕೈಜೋಡಿಸಿದ್ದು ಡೇವ್ ಸ್ಮಿತ್ ಸ್ಥಾಪಿಸಿದ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಸಂಸ್ಥೆಯ 'ಪ್ರೊಫೆಟ್-600'. ಮಿಡಿಯ ರೂವಾರಿಗಳಲ್ಲಿ ಒಬ್ಬರಾದ ಸ್ಮಿತ್ 2022ರಲ್ಲಿ ನಿಧನರಾದರು.

ಇಷ್ಟು ಕೀರ್ತಿ ಇದ್ದರೂ ಈ ವಾದ್ಯಕ್ಕೊಂದು ಕೊರತೆ ಇತ್ತು. ಏಕಕಾಲಕ್ಕೆ 6 ಸ್ವರ ನುಡಿಸಬಲ್ಲ ಅದರ ನಾದ ಹುಟ್ಟುವುದು 12 ಅನಲಾಗ್ ಆಸಿಲೇಟರ್‌ಗಳಿಂದ. ಆದರೆ ಆ ನಾದವನ್ನು ಕಂಪಿಸುವಂತೆ, ಏರಿಳಿಯುವಂತೆ ಮಾಡುವ ಕೆಲಸ, ಅಂದರೆ ಮಾಡ್ಯುಲೇಶನ್, ಝಡ್-80 ಎಂಬ ಪುಟ್ಟ ಚಿಪ್ಪಿನದು. ಒತ್ತಿದ ಕೀಲಿಗಳನ್ನು ಗಮನಿಸುವುದು, ನಾಬ್‌ಗಳನ್ನು ಓದುವುದು, ಶ್ರುತಿ ಸರಿಪಡಿಸುವುದು ಎಲ್ಲವೂ ಅದರ ಹೆಗಲಿಗೇ. ಹೀಗಾಗಿ ಜಾರಬೇಕಾದ ನಾದ ಮೆಟ್ಟಿಲು ಇಳಿದಂತೆ ಕೇಳುತ್ತಿತ್ತು. ಥಟ್ಟನೆ ಏಳಬೇಕಾದ ಸ್ವರ ತುಸು ತಡವಾಗಿ ಏಳುತ್ತಿತ್ತು. ಹಾರ್ಮೋನಿಯಂನ ರೀಡ್ ಚೆನ್ನಾಗಿದ್ದೂ ತಿದಿ ಒತ್ತುವ ಕೈ ನಿಧಾನವಾದರೆ ಹೇಗೋ ಹಾಗೆ.

2010ರ ದಶಕದಲ್ಲಿ 'ಗ್ಲಿಗ್ಲಿ' ಎಂಬ ಹೆಸರಿನಿಂದ ಪರಿಚಿತರಾದ ಹವ್ಯಾಸಿ ತಂತ್ರಜ್ಞರೊಬ್ಬರು ಇದಕ್ಕೆ ಪರಿಹಾರ ಕಂಡುಕೊಂಡರು. ಝಡ್-80 ಕೂರುತ್ತಿದ್ದ ಸಾಕೆಟ್‌ನಲ್ಲೇ 'ಟೀನ್ಸಿ' ಎಂಬ ಚಿಕ್ಕ ಬೋರ್ಡ್ ಕೂರಿಸಿ, ಫರ್ಮ್‌ವೇರ್ ಅನ್ನು, ಅಂದರೆ ವಾದ್ಯವನ್ನು ಒಳಗಿನಿಂದ ನಡೆಸುವ ತಂತ್ರಾಂಶವನ್ನು, ಹೊಸದಾಗಿ ಬರೆದರು. ಒಂದು ಆದೇಶ ಪಾಲಿಸಲು ಹಳೆಯ ಚಿಪ್ಪಿಗೆ ಅದರ ಗಡಿಯಾರದ ಕನಿಷ್ಠ 4 ಮಿಡಿತ ಬೇಕು. ಸೆಕೆಂಡಿಗೆ 1.6 ಕೋಟಿ ಮಿಡಿತದ ಹೊಸ ಚಿಪ್ಪಿಗೆ ಹೆಚ್ಚಿನ ಆದೇಶಗಳಿಗೆ ಒಂದೆರಡು ಮಿಡಿತ ಸಾಕು. ಉಳಿದ ಬಿಡುವಿನಲ್ಲಿ ಅದು ಕಂಪನದ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತದೆ. ಕಂಪನ ಚುರುಕಾಯಿತು, ಮೆಟ್ಟಿಲುಗಳು ಮಾಯವಾದವು. ಆಸಿಲೇಟರ್ ಮತ್ತು ಫಿಲ್ಟರ್‌ಗಳು ಮಾತ್ರ ಮೊದಲಿನವೇ. ಈ ತಂತ್ರಾಂಶವನ್ನು ಅವರು ಮೂಲ ಸಂಕೇತ ಸಹಿತ ಉಚಿತವಾಗಿ ಹಂಚಿದ್ದು ವಿಶೇಷ.

ಹಳೆಯ ಮಂದಗತಿಯೇ ಇಷ್ಟ ಎನ್ನುವವರಿಗೂ ಇಲ್ಲಿ ನಷ್ಟವಿಲ್ಲ. ತೆಗೆದ ಚಿಪ್ಪನ್ನು ಜೋಪಾನವಾಗಿ ಇಟ್ಟುಕೊಂಡರೆ ಮತ್ತೆ ಕೂರಿಸಬಹುದು. ವಿದ್ಯುತ್ ಸಂಪರ್ಕ ಕಡಿದು, ಅನುಭವಿ ಮೆಕ್ಯಾನಿಕ್‌ರಿಂದಲೇ ಈ ಕೆಲಸ ಮಾಡಿಸುವುದು ಲೇಸು. ಮೂಲ ತಯಾರಕ ಸಂಸ್ಥೆ ಜಿಲಾಗ್ 2024ರಲ್ಲಿ ಝಡ್-80 ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದ್ದರಿಂದ ಆ ಹಳೆಯ ಚಿಪ್ಪಿಗೂ ಈಗ ಬೆಲೆ ಬಂದಿದೆ.

ನಲವತ್ತು ವರ್ಷ ದಾಟಿದ ವಾದ್ಯವನ್ನು ಗುಜರಿಗೆ ಹಾಕುವ ಮುನ್ನ ದೋಷ ಅದರ ಕಂಠದಲ್ಲಿದೆಯೋ, ನಡೆಸುವ ಬುದ್ಧಿಯಲ್ಲಿದೆಯೋ ಎಂದು ನೋಡಿಸುವುದು ಒಳಿತು. ಪ್ರೊಫೆಟ್-600ರ ಕಂಠ ಇಂದಿಗೂ ಗಟ್ಟಿಯಾಗಿಯೇ ಇದೆ.