ಸಾಗರ ದಾಟುವ ಸಣ್ಣ ಹಾಯಿದೋಣಿ: ನಂಬಿಕೆ ಏನು, ನಿಜ ಏನು?

ಮೂವತ್ತು-ನಲವತ್ತು ಅಡಿಯ ದೋಣಿ. ಒಳಗೆ ಎರಡು ಮಂಚ, ಒಂದು ಒಲೆ, ಒಂದು ನಕ್ಷೆಯ ಮೇಜು. ಹೆಚ್ಚಾಗಿ ಗಂಡ-ಹೆಂಡತಿ ಇಬ್ಬರೇ, ಕೆಲವೊಮ್ಮೆ ಜೊತೆಗೆ ಮಕ್ಕಳು. ಪ್ರತಿವರ್ಷ ಇಂಥ ನೂರಾರು ದೋಣಿಗಳು ಪನಾಮಾ ಕಾಲುವೆ ದಾಟಿ ಪೆಸಿಫಿಕ್ ಸಾಗರಕ್ಕೆ ಇಳಿಯುತ್ತವೆ. ಗಲಪಗೋಸ್, ಮಾರ್ಕೇಸಸ್, ಟಹೀಟಿ, ಟೋಂಗಾ ಎಂದು ದ್ವೀಪದಿಂದ ದ್ವೀಪಕ್ಕೆ ಹಾಯಿಯ ಬಲದಲ್ಲೇ ಸಾಗುತ್ತವೆ. ಇವರ ಬಗ್ಗೆ ನಾವಾಡುವುದು ಎರಡೇ ಮಾತು: ಒಂದೋ ಹುಚ್ಚು ಸಾಹಸ, ಇಲ್ಲವೇ ದುಡ್ಡಿದ್ದವರ ಮೋಜು. ಈ ಎರಡೂ ಮಾತುಗಳ ಹಿಂದೆ ಕೆಲವು ತಪ್ಪು ಕಲ್ಪನೆಗಳಿವೆ. ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ದೊಡ್ಡ ಅಲೆ ಬಂದರೆ ಸಣ್ಣ ದೋಣಿ ಮಗುಚಿ ಮುಳುಗುತ್ತದೆ

ಸತ್ಯ: ಸಾಗರಕ್ಕೆಂದೇ ಕಟ್ಟಿದ ಹಾಯಿದೋಣಿಯ ಗುಟ್ಟು ನೀರಿನ ಕೆಳಗಿದೆ. ಅದರ ತಳದಿಂದ ಮೀನಿನ ಈಜುರೆಕ್ಕೆಯಂತೆ ಇಳಿಬಿದ್ದಿರುವ ಭಾಗಕ್ಕೆ ಕೀಲ್ ಎನ್ನುತ್ತಾರೆ. ಅದರಲ್ಲಿರುವುದು ಸೀಸ ಅಥವಾ ಕಬ್ಬಿಣ. ದೋಣಿಯ ಒಟ್ಟು ತೂಕದ ಸುಮಾರು ಮೂರನೇ ಒಂದು ಪಾಲು ಅಲ್ಲೇ ಇರುತ್ತದೆ. ತಳದಲ್ಲಿ ಭಾರ ತುಂಬಿದ ತಂಜಾವೂರು ಗೊಂಬೆಯನ್ನು ಎಷ್ಟು ಸಲ ಕೆಡವಿದರೂ ಎದ್ದು ಕೂರುತ್ತದಲ್ಲ, ಹಾಗೆಯೇ ಈ ದೋಣಿಯೂ. ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, 312 ದಿನಗಳಲ್ಲಿ ಭೂಮಿ ಸುತ್ತಿ ಬಂದರು. ಅವರ ದೋಣಿ ‘ಸುಹೈಲಿ’ 32 ಅಡಿಯದು. ಅದನ್ನು ತೇಗದ ಮರದಿಂದ ಕಟ್ಟಿದ್ದು ನಮ್ಮ ಮುಂಬೈಯಲ್ಲಿ.

ಹಾಗೆಂದು ಅಪಾಯವೇ ಇಲ್ಲವೆಂದಲ್ಲ. 2018ರಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ನಾವಿಕ ಅಭಿಲಾಷ್ ಟೋಮಿ ಅವರ ದೋಣಿ ‘ತುರೀಯ’ ಉರುಳಿತು. ಹಾಯಿಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ಆದರೂ ದೋಣಿ ಮುಳುಗಲಿಲ್ಲ. ರಕ್ಷಣೆಗೆ ಹಡಗು ಬರುವವರೆಗೆ ಅವರು ಅದರೊಳಗೇ ಮಲಗಿದ್ದರು.

ತಪ್ಪು ಕಲ್ಪನೆ 2: ಹಾಯಿದೋಣಿ ಗಾಳಿ ಬೀಸಿದ ಕಡೆಗಷ್ಟೇ ಹೋಗುತ್ತದೆ

ಸತ್ಯ: ಸರಿಯಾಗಿ ಬಿಗಿದ ಹಾಯಿ ವಿಮಾನದ ರೆಕ್ಕೆಯ ಹಾಗೆ ಕೆಲಸ ಮಾಡುತ್ತದೆ. ಗಾಳಿಗೆ ನೇರ ಎದುರಾಗಿ ಹೋಗಲು ಆಗದು, ನಿಜ. ಆದರೆ ಸುಮಾರು 45 ಡಿಗ್ರಿ ಓರೆಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸಾಗುತ್ತ, ಬಸ್ಸು ಆಗುಂಬೆ ಘಾಟಿ ಹತ್ತುವ ಹಾಗೆ ಗಾಳಿ ಬರುವ ದಿಕ್ಕಿಗೇ ಮುನ್ನಡೆಯಬಹುದು.

ಆದರೂ ಅನುಭವಿಗಳು ಈ ಜಗ್ಗಾಟಕ್ಕೆ ಆದಷ್ಟು ಹೋಗುವುದಿಲ್ಲ. ಉಷ್ಣವಲಯದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳನ್ನು ನೆಚ್ಚಿಕೊಂಡೇ ದಾರಿ ಹಾಕಿಕೊಳ್ಳುತ್ತಾರೆ. ಗಲಪಗೋಸ್‌ನಿಂದ ಮಾರ್ಕೇಸಸ್‌ಗೆ ಸುಮಾರು 3,000 ನಾಟಿಕಲ್ ಮೈಲಿ, ಅಂದರೆ 5,500 ಕಿಲೋಮೀಟರ್. ದೋಣಿಯದು ಸೈಕಲ್ ತುಳಿಯುವವರ ವೇಗ. ಹಗಲೂ ರಾತ್ರಿ ನಿಲ್ಲದೆ ನಡೆಯುವುದರಿಂದ ದಿನಕ್ಕೆ 100ರಿಂದ 150 ನಾಟಿಕಲ್ ಮೈಲಿ ಸವೆಯುತ್ತದೆ. ಮೂರು-ನಾಲ್ಕು ವಾರಗಳಲ್ಲಿ ನೆಲ ಕಾಣುತ್ತದೆ.

ಇಲ್ಲಿ ದಿಕ್ಕಿನಷ್ಟೇ ಮುಖ್ಯವಾದದ್ದು ತಿಂಗಳು. ದಕ್ಷಿಣ ಪೆಸಿಫಿಕ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಅದು ಶುರುವಾಗುವ ಮುನ್ನ ಹೆಚ್ಚಿನವರು ನ್ಯೂಜಿಲೆಂಡ್‌ನಂಥ ಕಡೆಗೆ ಸರಿದುಬಿಡುತ್ತಾರೆ. ಈ ತಿಳಿವಳಿಕೆ ನಮ್ಮ ಕರಾವಳಿಗೆ ಹೊಸದಲ್ಲ. ಮಳೆಗಾಲದಲ್ಲಿ ದೋಣಿ ಮೇಲಕ್ಕೆಳೆದಿಟ್ಟು, ನೂಲ ಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ, ಆಮೇಲೆ ನೀರಿಗಿಳಿಯುವ ಮೊಗವೀರರು ಪಾಲಿಸುವುದೂ ಕಡಲಿನ ಪಂಚಾಂಗವನ್ನೇ.

ತಪ್ಪು ಕಲ್ಪನೆ 3: ನಡುಗಡಲು ಅಪಾಯ, ದಡ ಕಂಡರೆ ಕ್ಷೇಮ

ಸತ್ಯ: ಗಂಗೊಳ್ಳಿಯ ಮೀನುಗಾರರನ್ನು ಕೇಳಿ ನೋಡಿ. ಅವರು ಅಂಜುವುದು ಅಳಿವೆಗೆ. ನದಿಯ ಸೆಳೆತ, ಮರಳದಿಣ್ಣೆ, ಒಳನುಗ್ಗುವ ಅಲೆ ಮೂರೂ ಕೂಡುವ ಜಾಗ ಅದು. ನಡುಗಡಲಲ್ಲಿ ದೋಣಿಗೆ ಬಡಿಯಲು ನೀರು ಬಿಟ್ಟರೆ ಹೆಚ್ಚೇನೂ ಇಲ್ಲ. ದೋಣಿ ಒಡೆಯುವ ಬಂಡೆ ಇರುವುದು ದಡದ ಹತ್ತಿರ.

ಟಹೀಟಿಯ ಈಶಾನ್ಯಕ್ಕಿರುವ ಟುವಾಮೋಟು ದ್ವೀಪಗಳನ್ನೇ ನೋಡಿ. ಹಿಂದಿನ ನಾವಿಕರು ಇವನ್ನು ‘ಅಪಾಯದ ದ್ವೀಪಸಮೂಹ’ ಎಂದು ಕರೆದಿದ್ದರು. ಹವಳದ ಉಂಗುರಗಳಂಥ ಈ ದ್ವೀಪಗಳು ನೀರಿನಿಂದ ಕೆಲವೇ ಮೀಟರ್ ಎತ್ತರ. ಮೊದಲು ಕಾಣುವುದು ತೆಂಗಿನ ತಲೆಗಳು, ಅದೂ ತೀರ ಹತ್ತಿರ ಬಂದ ಮೇಲೆ. ಉಂಗುರದಲ್ಲಿ ಅಲ್ಲೊಂದು ಇಲ್ಲೊಂದು ಕಿರಿದಾದ ಬಾಯಿ ಇರುತ್ತದೆ. ಇಳಿತದ ಹೊತ್ತಿನಲ್ಲಿ ಒಳಗಿನ ನೀರೆಲ್ಲ ಅದೇ ಬಾಯಿಂದ ಹೊರಗೆ ಧುಮುಕುತ್ತದೆ. ಕೆಲವು ಕಡೆ ಆ ಸೆಳೆತ ದೋಣಿಯ ಎಂಜಿನ್ ಕೊಡುವ ವೇಗಕ್ಕೇ ಸಮ. ಹಾಗಾಗಿ ಭರತ-ಇಳಿತಗಳ ನಡುವೆ ನೀರು ನಿಂತಂತಾಗುವ ಹೊತ್ತನ್ನು ಲೆಕ್ಕ ಹಾಕಿ ಕಾಯುತ್ತಾರೆ. ಸೂರ್ಯ ನೆತ್ತಿಯ ಹತ್ತಿರ, ಬೆನ್ನ ಹಿಂದೆ ಇರಬೇಕು. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಮುಂತುದಿಯಲ್ಲಿ ನಿಂತು ನೀರಿನ ಬಣ್ಣ ಓದುತ್ತಾರೆ. ಕಡುನೀಲಿ ಎಂದರೆ ಆಳ, ತಿಳಿಹಸಿರು ಎಂದರೆ ಮರಳಿನ ತೆಳುನೀರು, ಕಂದು ಎಂದರೆ ಹವಳ.

ಸಂಜೆ ತಲುಪಿದರೆ? ಒಳಗೆ ಹೋಗುವುದಿಲ್ಲ. ದಡದಿಂದ ದೂರ ಸರಿದು, ಮುಂದಿನ ಹಾಯಿಯನ್ನು ಗಾಳಿಯ ಮಗ್ಗುಲಿಗೆ ಎಳೆದು ಕಟ್ಟಿ, ಚುಕ್ಕಾಣಿಯನ್ನು ಅದಕ್ಕೆ ವಿರುದ್ಧವಾಗಿ ಬಿಗಿಯುತ್ತಾರೆ. ದೋಣಿ ಹೆಚ್ಚುಕಡಿಮೆ ಇದ್ದಲ್ಲೇ ತೊಟ್ಟಿಲಂತೆ ತೂಗುತ್ತಿರುತ್ತದೆ. ದಿನಗಟ್ಟಲೆ ನೆಲ ಕಾಣದೆ ಬಂದವರೂ ಬೆಳಗಿನವರೆಗೆ ಹೀಗೆ ಕಾಯುತ್ತಾರೆ. ಒಳ್ಳೆಯ ನಾವಿಕರ ಲಕ್ಷಣ ಈ ತಾಳ್ಮೆ.

ತಪ್ಪು ಕಲ್ಪನೆ 4: ರಾತ್ರಿಯಾದರೆ ಲಂಗರು ಹಾಕಿ ಮಲಗುತ್ತಾರೆ

ಸತ್ಯ: ಸಾಗರದ ಆಳ ಸರಾಸರಿ ಮೂರೂವರೆ ಕಿಲೋಮೀಟರ್‌ಗೂ ಹೆಚ್ಚು. ಸಣ್ಣ ದೋಣಿಯ ಲಂಗರು ಸರಪಳಿ ನೂರು ಮೀಟರ್ ಆಸುಪಾಸಿನದು. ಲಂಗರು ನೆಲ ಕಚ್ಚಲು ಆಳದ ಐದರಷ್ಟಾದರೂ ಸರಪಳಿ ಬಿಡಬೇಕು. ಹಾಗಾಗಿ ಅದು ದ್ವೀಪದ ಮಗ್ಗುಲಲ್ಲಿ, ಹದಿನೈದು-ಇಪ್ಪತ್ತು ಮೀಟರ್ ನೀರಿನಲ್ಲಿ ಮಾತ್ರ ಉಪಯೋಗಕ್ಕೆ ಬರುವಂಥದ್ದು.

ನಡುಗಡಲಲ್ಲಿ ದೋಣಿ ರಾತ್ರಿಯಿಡೀ ಓಡುತ್ತಲೇ ಇರುತ್ತದೆ. ಹಿಂಬದಿಯಲ್ಲಿ ನಿಲ್ಲಿಸಿದ ಗಾಳಿಹಲಗೆಯೊಂದು ಗಾಳಿಯನ್ನು ಅನುಸರಿಸಿ ಚುಕ್ಕಾಣಿ ತಿರುಗಿಸುತ್ತದೆ, ವಿದ್ಯುತ್ತೂ ಬೇಡ. ಮನುಷ್ಯರ ಕೆಲಸ ಪಹರೆ. ಮೂರು-ನಾಲ್ಕು ಗಂಟೆಗೊಮ್ಮೆ ಪಾಳಿ ಬದಲು. ಪಾಳಿಯಲ್ಲಿರುವವರು ಎದೆಪಟ್ಟಿಯ ಹಗ್ಗವನ್ನು ದೋಣಿಗೆ ಸಿಕ್ಕಿಸಿಕೊಂಡೇ ಹೊರಗೆ ಬರಬೇಕು. ಕತ್ತಲಲ್ಲಿ ನೀರಿಗೆ ಬಿದ್ದವರನ್ನು ಮತ್ತೆ ಹುಡುಕುವುದು ತೀರ ಕಷ್ಟ. ದಿಗಂತದಲ್ಲಿ ದೀಪವಾಗಿ ಕಂಡ ಸರಕು ಹಡಗು ಇಪ್ಪತ್ತು ನಿಮಿಷದೊಳಗೆ ಪಕ್ಕಕ್ಕೇ ಬರಬಹುದು. ಒಬ್ಬರೇ ಪಯಣಿಸುವವರು ಗಡಿಯಾರ ಇಟ್ಟುಕೊಂಡು ತುಂಡುತುಂಡಾಗಿ ನಿದ್ದೆ ಮಾಡುವುದು ಇದೇ ಕಾರಣಕ್ಕೆ.

ತಪ್ಪು ಕಲ್ಪನೆ 5: ಕಂಡ ದ್ವೀಪದಲ್ಲೆಲ್ಲ ಇಳಿಯಬಹುದು

ಸತ್ಯ: ಸಣ್ಣ ದೋಣಿಗೂ ಗಡಿ ಗಡಿಯೇ. ಹೊಸ ದೇಶ ತಲುಪಿದಾಗ ಹಳದಿ ಬಾವುಟ ಏರಿಸಿ, ಅದಕ್ಕೆಂದೇ ಗೊತ್ತುಮಾಡಿದ ಬಂದರಿಗೆ ಹೋಗಿ, ಆರೋಗ್ಯ, ಸುಂಕ, ಪಾಸ್‌ಪೋರ್ಟ್ ತಪಾಸಣೆ ಮುಗಿಸಬೇಕು. ಗಲಪಗೋಸ್‌ನಲ್ಲಿ ದೋಣಿಯ ತಳಕ್ಕೆ ಅಂಟಿಕೊಂಡ ಜೀವಿಗಳನ್ನೂ ಪರೀಕ್ಷಿಸುತ್ತಾರೆ. ಹೊರಗಿನ ಜೀವಿಗಳು ಅಲ್ಲಿನ ಅಪರೂಪದ ಬದುಕನ್ನು ಕೆಡಿಸಬಾರದಲ್ಲ.

ಕಾಗದಪತ್ರ ಮುಗಿದರೂ ಊರಿನ ಮರ್ಯಾದೆ ಬಾಕಿ ಇರುತ್ತದೆ. ಫಿಜಿಯ ಹಳ್ಳಿಗಳಲ್ಲಿ ‘ಸೆವುಸೆವು’ ಎಂಬ ಪದ್ಧತಿಯಿದೆ. ದಡಕ್ಕಿಳಿದವರು ಕಾವಾ ಗಿಡದ ಬೇರಿನ ಕಟ್ಟನ್ನು ಮುಖ್ಯಸ್ಥರ ಮುಂದಿಟ್ಟು, ನೆಲದ ಮೇಲೆ ಕುಳಿತು ಅಪ್ಪಣೆ ಕೇಳಬೇಕು. ಅವರು ಸ್ವೀಕರಿಸಿದರೆ ನೀವು ಆ ಊರಿನ ಅತಿಥಿಗಳು. ಅದಾಗದೆ ಅಲ್ಲಿ ಅಡ್ಡಾಡುವುದು, ಈಜುವುದು ತಪ್ಪು. ವೀಳ್ಯ ಕೊಟ್ಟು ಮಾತು ಶುರುಮಾಡುವ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು.

ತಪ್ಪು ಕಲ್ಪನೆ 6: ಇದು ಗಟ್ಟಿಮುಟ್ಟಾದ ಯುವಕರ ಕೆಲಸ

ಸತ್ಯ: ಬ್ರಿಟನ್ನಿನ ಜೀನ್ ಸಾಕ್ರಟೀಸ್ 2019ರಲ್ಲಿ, ತಮ್ಮ 77ನೆಯ ವಯಸ್ಸಿನಲ್ಲಿ, 38 ಅಡಿಯ ದೋಣಿಯಲ್ಲಿ ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಮುಗಿಸಿದರು. ನಮ್ಮ ನೌಕಾಪಡೆಯ ಆರು ಮಹಿಳೆಯರು 2017-18ರಲ್ಲಿ, ಅದೇ ಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ 2024-25ರಲ್ಲಿ, ಗೋವಾದಲ್ಲಿ ಕಟ್ಟಿದ ‘ತಾರಿಣಿ’ಯಲ್ಲಿ ಜಗತ್ತು ಸುತ್ತಿ ಬಂದರು. ಖರ್ಚು ಕಡಿಮೆಯಲ್ಲ, ರಿಪೇರಿ ಎಂದೂ ಮುಗಿಯುವುದಿಲ್ಲ. ಆದರೆ ಇಲ್ಲಿ ತೋಳಿಗಿಂತ ಹೆಚ್ಚು ದುಡಿಯುವುದು ತಲೆ: ಗಾಳಿಯ ಲೆಕ್ಕ, ನೀರಿನ ಲೆಕ್ಕ, ನಿದ್ದೆಯ ಲೆಕ್ಕ.

ಮುನ್ನೂರು ಕಿಲೋಮೀಟರ್ ಕರಾವಳಿಯಿರುವ ನಾಡು ನಮ್ಮದು. ಕಡಲೆಂದರೆ ಮಕ್ಕಳಿಗೆ ಭಯವನ್ನಷ್ಟೇ ಕಲಿಸುವುದು ಸಾಕು. ಮೊದಲು ಈಜು ಕಲಿಸಿ. ಅವಕಾಶ ಸಿಕ್ಕರೆ ಹಿನ್ನೀರಿನಲ್ಲೋ ಕೆರೆಯಲ್ಲೋ ಪುಟ್ಟ ಹಾಯಿದೋಣಿ ನಡೆಸಲು ಬಿಡಿ, ಹಿರಿಯ ಮೀನುಗಾರರ ಪಕ್ಕ ಕೂತು ಗಾಳಿಯ ಮಾತು ಕೇಳಲು ಕಳಿಸಿ. ಯಾವಾಗ ಹೊರಡಬಾರದು ಎಂಬುದನ್ನು ಅವರು ಮೊದಲು ಹೇಳಿಕೊಡುತ್ತಾರೆ. ಸಾಗರ ದಾಟುವ ವಿದ್ಯೆಯ ಮೊದಲ ಪಾಠವೂ ಅದೇ.