ದೇವರು ಒಬ್ಬನೇ, ಬೀಗದ ಕೈ ಯಾರ ಹತ್ತಿರ?

ಲೆಕ್ಕ ಇಷ್ಟೇ: 164ಕ್ಕೆ 94.

1973ರ ಮೇ 27. ಅಮೆರಿಕದ ಜಾರ್ಜಿಯಾ ರಾಜ್ಯದ ಮೇಕನ್ ಪಟ್ಟಣ. ಅಲ್ಲಿನ ವೈನ್‌ವಿಲ್ ಪ್ರೆಸ್‌ಬಿಟೇರಿಯನ್ ಚರ್ಚಿನ ಸದಸ್ಯರು ಸಭೆ ಸೇರಿದ್ದರು. ನಾವು ಸೇರಿಕೊಂಡಿರುವ ದೊಡ್ಡ ಸಂಸ್ಥೆ ದಾರಿ ತಪ್ಪಿದೆ, ಹೊರಗೆ ಬಂದುಬಿಡೋಣ ಅಂತ 164 ಮಂದಿ ಅಂದರು. ಪಾದ್ರಿಗಳೂ ಅವರ ಕಡೆಗೇ. ಬೇಡ, ಇದ್ದಲ್ಲೇ ಇರೋಣ ಅಂದವರು 94 ಮಂದಿ. ಮತ ಎಣಿಸಿದ್ದಾಯಿತು, ಫಲಿತಾಂಶ ಹೇಳಿದ್ದಾಯಿತು. ನಮ್ಮ ಸಹಕಾರ ಸಂಘದ ಸಭೆಯಾಗಿದ್ದರೆ ಕಾಫಿ ಕುಡಿದು ಎದ್ದು ಹೋಗಬಹುದಿತ್ತು. ಅಲ್ಲಿ ಕತೆ ಶುರುವಾದದ್ದೇ ಆಮೇಲೆ.

ಕಟ್ಟಡ ಯಾರದು?

ಈ ಪ್ರಶ್ನೆ ಮಳಿಗೆ ಇಟ್ಟವರಿಗೆ ಬೇಗ ಅರ್ಥವಾಗುತ್ತದೆ. ಅಂಗಡಿ ಕಟ್ಟಿಸಿದ್ದು ನೀವು, ಮೇಲೆ ತೂಗುಹಾಕಿದ್ದು ಕಂಪನಿಯ ಬೋರ್ಡು. ಒಂದು ದಿನ ಕಂಪನಿಗೂ ನಿಮಗೂ ಆಗಿಬರಲಿಲ್ಲ. ಬೋರ್ಡು ಅವರು ಬಿಚ್ಚಿಕೊಂಡು ಹೋಗಲಿ, ಸರಿ. ಆದರೆ ಅಂಗಡಿಯೂ ನಮ್ಮದೇ ಅಂದರೆ? ಹಾಗೆಂದು ಮೊದಲ ದಿನದ ಕರಾರಿನಲ್ಲೇ ಬರೆದಿತ್ತು ಅಂದರೆ? ಅಮೆರಿಕದ ಪ್ರೆಸ್‌ಬಿಟೇರಿಯನ್ನರು ಸುಮಾರು 150 ವರ್ಷ ಕೋರ್ಟು ಹತ್ತಿ ಇಳಿದದ್ದು ಇದಕ್ಕೇ.

ಪ್ರೆಸ್‌ಬಿಟೇರಿಯನ್ನರೆಂದರೆ ನಮಗೆ ತೀರಾ ಹೊರಗಿನವರೇನಲ್ಲ. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕೆಂಪು ಬಣ್ಣದ, ಗಡಿಯಾರ ಗೋಪುರದ ಸೇಂಟ್ ಆಂಡ್ರೂಸ್ ಚರ್ಚು ಕಾಣುತ್ತದಲ್ಲ, ಅದು ಮೊದಲು ಸ್ಕಾಟ್ಲೆಂಡಿನ ಪ್ರೆಸ್‌ಬಿಟೇರಿಯನ್ನರದು. ಈಗ ಸಿ.ಎಸ್.ಐ. ದಕ್ಷಿಣ ಭಾರತದಲ್ಲಿ ಈ ಪಂಗಡದವರು 1908ರಲ್ಲೇ ಕಾಂಗ್ರಿಗೇಷನಲ್ ಪಂಗಡದವರ ಜೊತೆ ಸೇರಿ ಒಂದಾಗಿದ್ದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರೂ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ ಆಯಿತು. ನಮ್ಮ ಕಡೆ ಸೇರುವ ಸಂಭ್ರಮ. ಅಮೆರಿಕದಲ್ಲಿ ಒಡೆಯುವುದು, ಸೇರುವುದು, ಮತ್ತೆ ಒಡೆಯುವುದು.

ಹೆಸರಿನ ಗುಟ್ಟು ಸರಳ. ಗ್ರೀಕ್ ಭಾಷೆಯಲ್ಲಿ ಪ್ರೆಸ್‌ಬಿಟರ್ ಅಂದರೆ ಹಿರಿಯ. ಈ ಪಂಗಡದಲ್ಲಿ ಬಿಷಪ್ಪರಿಲ್ಲ. ಸಭೆಯವರು ಆರಿಸಿದ ಹಿರಿಯರು, ಪಾದ್ರಿಗಳು ಕೂತು ಆಡಳಿತ ನಡೆಸುತ್ತಾರೆ. ಊರಿನ ಚರ್ಚಿಗೆ ಒಂದು ಹಿರಿಯರ ಮಂಡಲಿ, ಹತ್ತಾರು ಚರ್ಚುಗಳ ಮೇಲೆ ಪ್ರೆಸ್‌ಬಿಟರಿ, ಅದರ ಮೇಲೆ ಸಿನೋಡ್, ಎಲ್ಲದರ ಮೇಲೆ ಜನರಲ್ ಅಸೆಂಬ್ಲಿ. ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿ ಇದ್ದ ಹಾಗೆ ಅಂದುಕೊಳ್ಳಿ. ಮತ ಹಾಕಿ ತೀರ್ಮಾನ ಮಾಡುವ ಧರ್ಮ ಇದು. ಆದ್ದರಿಂದ ಸೋತವರೂ ಲೆಕ್ಕ ಬರೆದಿಟ್ಟುಕೊಂಡಿರುತ್ತಾರೆ!

ಜಗಳ ಹಳೆಯದು

ಮೊದಲ ದೊಡ್ಡ ಖಟ್ಲೆ ಗುಲಾಮಗಿರಿಯದು. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ದಕ್ಷಿಣದ ಪ್ರೆಸ್‌ಬಿಟೇರಿಯನ್ನರು ಬೇರೆಯಾದರು. ಯುದ್ಧ ಮುಗಿದ ಮೇಲೆ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ವಾಲ್ನಟ್ ಸ್ಟ್ರೀಟ್ ಚರ್ಚು ಇಬ್ಭಾಗವಾಯಿತು. ಗುಲಾಮಗಿರಿ ಪಾಪವೆಂದು ಒಪ್ಪದವರನ್ನು ಸೇರಿಸಬೇಡಿ ಎಂದು ಜನರಲ್ ಅಸೆಂಬ್ಲಿ ಹೇಳಿತು. ಅದನ್ನು ಹೇಳಲು ಇವರ್ಯಾರು ಅಂತ ಒಂದು ಬಣ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1870ರ ದಶಕದ ಆರಂಭದಲ್ಲಿ ಕೋರ್ಟು ಹೇಳಿದ್ದು: ಧರ್ಮದ ವಿಷಯದಲ್ಲಿ ಆ ಧರ್ಮದ ಅತಿ ಮೇಲಿನ ಸಭೆ ಏನು ತೀರ್ಮಾನಿಸಿತೋ ಅದೇ ಕೊನೆ, ನಾವು ತಲೆಹಾಕುವುದಿಲ್ಲ. ಮೇಲಿನವರು ಗೆದ್ದರು.

ಹೋಗಲಿ, ಇಲ್ಲಿಗೆ ಮುಗಿಯಿತಲ್ಲ ಅಂದುಕೊಂಡರೆ ಇಲ್ಲ. 1966ರಲ್ಲಿ ಜಾರ್ಜಿಯಾದ ಸವಾನಾ ನಗರದ ಎರಡು ಚರ್ಚುಗಳು ದಕ್ಷಿಣದ ಸಂಸ್ಥೆಯಿಂದ ಹೊರಬಿದ್ದವು. ದೂರಿನ ಪಟ್ಟಿ ಉದ್ದ: ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಟ್ಟರು, ರಾಜಕೀಯಕ್ಕೆ ಕೈಹಾಕಿದರು, ಪಾಠಪುಸ್ತಕದಲ್ಲಿ ಹೊಸ ದೇವಶಾಸ್ತ್ರ ತುರುಕಿದರು. ಮೂಲ ಮತವನ್ನು ಬಿಟ್ಟು ಓಡಿದವರು ಅವರು, ನಾವಲ್ಲ ಅನ್ನುವ ವಾದ. ಆಗಿನ ಜಾರ್ಜಿಯಾ ಕಾನೂನಿನ ಪ್ರಕಾರ ಜ್ಯೂರಿ ಕೂತು ಅದನ್ನೇ ವಿಚಾರಿಸಿತು. ದೊಡ್ಡ ಸಂಸ್ಥೆ ಮೂಲ ನಂಬಿಕೆಯನ್ನು ಬಿಟ್ಟಿದೆಯೇ ಎಂದು ಸಾಮಾನ್ಯ ಪಟ್ಟಣಿಗರು ತೀರ್ಪು ಹೇಳಿದರು: ಹೌದು, ಬಿಟ್ಟಿದೆ!

1969ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒಮ್ಮತದಿಂದ ಹೊಡೆದುಹಾಕಿತು. ಯಾವುದು ಸರಿಯಾದ ಕ್ರೈಸ್ತ ನಂಬಿಕೆ ಎಂದು ಅಳೆಯುವ ತಕ್ಕಡಿ ಸರ್ಕಾರದ ಕೋರ್ಟಿನಲ್ಲಿ ಇಲ್ಲ ಅಂತ. ತಮಾಷೆ ನೋಡಿ: ಕೇಸು ವಾಪಸು ಜಾರ್ಜಿಯಾಕ್ಕೆ ಬಂದಾಗ ಅಲ್ಲಿನ ಕೋರ್ಟು ಪತ್ರ ತೆಗೆದು ನೋಡಿತು. ಜಾಗ ಸ್ಥಳೀಯರ ಹೆಸರಿನಲ್ಲೇ ಇದೆ. ತಗೊಳ್ಳಿ, ನಿಮ್ಮದೇ ಅಂದಿತು. ದೇವಶಾಸ್ತ್ರದಿಂದ ಗೆದ್ದವರು, ಅಲ್ಲಿ ಸೋತು, ಕ್ರಯಪತ್ರದಿಂದ ಮತ್ತೆ ಗೆದ್ದರು.

ಆ 94 ಮಂದಿ

ಈಗ ಮೇಕನ್ನಿಗೆ ಬರೋಣ. ಹೊರಬಂದ 164 ಮಂದಿ 1973ರಲ್ಲೇ ಹುಟ್ಟಿದ ಹೊಸ ಸಂಸ್ಥೆಗೆ ಸೇರಿದರು. ಅದೇ ಇವತ್ತಿನ ಪಿ.ಸಿ.ಎ., ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡದ ಬಿಗಿ ಸಂಸ್ಥೆ. ಹಳೆಯ ಪ್ರೆಸ್‌ಬಿಟರಿ ಸುಮ್ಮನಿರಲಿಲ್ಲ. ವಿಚಾರಣಾ ಸಮಿತಿ ಕಳಿಸಿತು. ಆ ಸಮಿತಿ ಹೇಳಿದ್ದು: ನಿಜವಾದ ವೈನ್‌ವಿಲ್ ಸಭೆ ಆ 94 ಮಂದಿಯೇ.

ಕಾಗದದ ಮೇಲೆ ನಿಜವಾದ ಸಭೆ ಇವರು. ಕಟ್ಟಡ ಮಾತ್ರ ಅವರ ಕೈಯಲ್ಲಿ. 94 ಮಂದಿ ಮೊದಲು ಕೇಂದ್ರದ ಕೋರ್ಟಿಗೆ ಹೋದರು, ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು. ರಾಜ್ಯದ ಕೋರ್ಟಿಗೆ ಹೋದರು, ಸೋತರು. 1979ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐದಕ್ಕೆ ನಾಲ್ಕು. ನ್ಯಾಯಮೂರ್ತಿ ಬ್ಲಾಕ್‌ಮನ್ ಬರೆದ ತೀರ್ಪಿನ ಸಾರ: ರಾಜ್ಯಗಳು ಬೇಕಿದ್ದರೆ ಧರ್ಮದ ಗೊಡವೆಗೆ ಹೋಗದೆ, ಕ್ರಯಪತ್ರ, ಚರ್ಚಿನ ಸನದು, ರಾಜ್ಯದ ಕಾನೂನು, ದೊಡ್ಡ ಸಂಸ್ಥೆಯ ಸಂವಿಧಾನ ಇವನ್ನು ಬೇರೆ ಯಾವುದೇ ಆಸ್ತಿ ವ್ಯಾಜ್ಯದ ಹಾಗೆ ಓದಿ ತೀರ್ಮಾನಿಸಬಹುದು. ಕೇಸು ಮತ್ತೆ ಜಾರ್ಜಿಯಾಕ್ಕೆ. ಅಲ್ಲಿ ಬಹುಮತವೇ ಸಭೆ ಎಂದು ಹೇಳಿ ಕಟ್ಟಡವನ್ನು 164ರ ಕಡೆಗೇ ಉಳಿಸಿದರು.

ಆ 94 ಮಂದಿ ಮಾಡಿದ ತಪ್ಪಾದರೂ ಏನು? ಅವರು ಏನನ್ನೂ ಬದಲಿಸಿರಲಿಲ್ಲ. ಯಾವ ಹೆಸರಿನ ಚರ್ಚಿಗೆ ಸೇರಿದ್ದರೋ ಅದರಲ್ಲೇ ಉಳಿದಿದ್ದರು. ವೈನ್‌ವಿಲ್ ಸಭೆ 1904ರಷ್ಟು ಹಳೆಯದು, ಅಲ್ಲಿ ಮದುವೆ, ಬಾಪ್ತಿಸ್ಮ, ಶವಸಂಸ್ಕಾರ ಅಂತ ಎಷ್ಟೋ ಮನೆಗಳ ಎರಡು ಮೂರು ತಲೆಮಾರು ಕಳೆದಿದ್ದೀತು. ಈ ಹಠಕ್ಕೆ ಹಠದ ಕತೆಯಲ್ಲಿ ಯಾರ ಪರ ವಹಿಸಿದರೂ ಸರಿ, ಈ ಸಂಖ್ಯೆ ಮರೆಯುವ ಹಾಗಿಲ್ಲ.

ಬ್ಲಾಕ್‌ಮನ್ ತೀರ್ಪಿನಲ್ಲಿ ಇನ್ನೊಂದು ಮಾತೂ ಇತ್ತು. ಆಸ್ತಿ ಮೇಲಿನ ಸಂಸ್ಥೆಗೇ ಉಳಿಯಬೇಕೆಂದರೆ ಜಗಳ ಹುಟ್ಟುವ ಮುಂಚೆಯೇ ಸಂವಿಧಾನದಲ್ಲಿ ಹಾಗೆ ಬರೆದುಕೊಳ್ಳಿ, ಅದೇನು ಕಷ್ಟದ ಕೆಲಸವಲ್ಲ ಅಂತ. ಚರ್ಚಿನ ದೊಡ್ಡವರು ಅದನ್ನು ಓದಿದರು. 1983ರ ಜೂನ್ 10ರಂದು ಅಟ್ಲಾಂಟಾದಲ್ಲಿ ಉತ್ತರ, ದಕ್ಷಿಣದ ಸಂಸ್ಥೆಗಳು 122 ವರ್ಷದ ನಂತರ ಮತ್ತೆ ಒಂದಾಗಿ ಪಿ.ಸಿ.ಯು.ಎಸ್.ಎ. ಆದಾಗ, ಹೊಸ ಸಂವಿಧಾನದಲ್ಲಿ ಆ ವಾಕ್ಯ ಇತ್ತು: ಪ್ರತಿ ಸಭೆಯ ಆಸ್ತಿಯೂ ಇಡೀ ಸಂಸ್ಥೆಯ ಪರವಾಗಿ ಟ್ರಸ್ಟಿನಲ್ಲಿ ಇದೆ. ಪತ್ರ ಯಾರ ಹೆಸರಿನಲ್ಲಾದರೂ ಇರಲಿ!

ದಕ್ಷಿಣದವರು ಇದಕ್ಕೆ ಹೆದರಿದ್ದರಿಂದ ಒಂದು ಕಿಂಡಿ ಬಿಟ್ಟಿದ್ದರು. ಎಂಟು ವರ್ಷದೊಳಗೆ, ಮೂರನೇ ಎರಡರಷ್ಟು ಬಹುಮತವಿದ್ದರೆ, ಕಟ್ಟಡ ಸಮೇತ ಹೊರಡಬಹುದು. ಬಸ್ಸು ಹೊರಡುವ ಹೊತ್ತಿಗೆ ಓಡಿಬಂದವರ ಹಾಗೆ 1991ರಲ್ಲಿ ಕೊನೆಯ ಗಡಿಬಿಡಿ. ಟೆಕ್ಸಾಸಿನ ಡಲ್ಲಾಸ್ ನಗರದ ಹೈಲ್ಯಾಂಡ್ ಪಾರ್ಕ್ ಚರ್ಚು 1926ರಲ್ಲಿ ಶುರುವಾದ ಭಾರೀ ಸಭೆ. ಅಲ್ಲಿ ಮತ ಹಾಕಿದರು, ಮೂರನೇ ಎರಡು ಬರಲಿಲ್ಲ. ಸಾವಿರಕ್ಕೂ ಹೆಚ್ಚು ಜನ ಕಟ್ಟಡವನ್ನು ಬಿಟ್ಟು ಬರಿಗೈಲಿ ಎದ್ದುಹೋಗಿ ಪಾರ್ಕ್ ಸಿಟೀಸ್ ಅನ್ನುವ ಬೇರೆ ಸಭೆ ಕಟ್ಟಿದರು.

ಮತ್ತೊಂದು ಸುತ್ತು

1991ರ ನಂತರ ಕಿಂಡಿ ಮುಚ್ಚಿತು, ಜಗಳ ಮುಚ್ಚಲಿಲ್ಲ. ಈ ಸಲದ ಪ್ರಶ್ನೆ ಸಲಿಂಗಿಗಳದು. ಪಾದ್ರಿಗಳು, ಹಿರಿಯರು ಗಂಡು ಹೆಣ್ಣಿನ ಮದುವೆಯಲ್ಲಿ ನಿಷ್ಠೆಯಿಂದ ಇರಬೇಕು, ಇಲ್ಲವೇ ಬ್ರಹ್ಮಚರ್ಯ ಪಾಲಿಸಬೇಕು ಅನ್ನುವ ನಿಯಮವನ್ನು 1997ರಲ್ಲಿ ಸೇರಿಸಿದ್ದರು. 2010ರ ಜನರಲ್ ಅಸೆಂಬ್ಲಿ ಅದನ್ನು ತೆಗೆಯಲು ಒಪ್ಪಿತು. ನಂತರ ಪ್ರೆಸ್‌ಬಿಟರಿಗಳು ಒಂದೊಂದಾಗಿ ಮತ ಹಾಕಬೇಕು. ಒಟ್ಟು 173, ಬೇಕಾದ್ದು 87. 2011ರ ಮೇ 10ರಂದು ಮಿನೆಸೋಟಾದ ಟ್ವಿನ್ ಸಿಟೀಸ್ ಪ್ರೆಸ್‌ಬಿಟರಿ 87ನೆಯದಾಯಿತು. ಮದುವೆಯ ವ್ಯಾಖ್ಯೆಯೂ ಹಾಗೆಯೇ. 2014ರಲ್ಲಿ ಅಸೆಂಬ್ಲಿ ಒಪ್ಪಿತು, 2015ರ ಮಾರ್ಚಿನಲ್ಲಿ 171 ಪ್ರೆಸ್‌ಬಿಟರಿಗಳಲ್ಲಿ 86ನೆಯದು ಕೈ ಎತ್ತಿತು. ಇಬ್ಬರ ನಡುವಿನ ಬಂಧ, ಸಾಂಪ್ರದಾಯಿಕವಾಗಿ ಗಂಡು ಹೆಣ್ಣಿನದು ಎಂದು ಹೊಸ ಮಾತು ಬಂತು. ಇಷ್ಟವಿಲ್ಲದ ಪಾದ್ರಿ ಇಂಥ ಮದುವೆ ಮಾಡಿಸಲೇಬೇಕೆಂಬ ಬಲವಂತ ಇಟ್ಟಿರಲಿಲ್ಲ.

ಒಬ್ಬರಿಗೆ ಇದು ದಶಕಗಳ ಕಾಲ ಬಾಗಿಲಲ್ಲಿ ನಿಲ್ಲಿಸಿದ್ದ ಮಕ್ಕಳನ್ನು ಒಳಗೆ ಕರೆದ ದಿನ. ಇನ್ನೊಬ್ಬರಿಗೆ ಬೈಬಲ್ಲನ್ನು ಬಹುಮತಕ್ಕೆ ಒಪ್ಪಿಸಿದ ದಿನ. ಇಬ್ಬರೂ ನಾಟಕ ಆಡುತ್ತಿರಲಿಲ್ಲ. ಅದೇ ಕಷ್ಟ. ಬರೀ ಆಸ್ತಿಗಾಗಿ ಹೊಡೆದಾಡುವವರಾಗಿದ್ದರೆ ಮೂರನೆಯವರು ಕೂರಿಸಿ ಪಾಲು ಮಾಡಿಕೊಡಬಹುದು.

2012ರ ಜನವರಿಯಲ್ಲಿ ಒರ್ಲ್ಯಾಂಡೋದಲ್ಲಿ ಇಕೋ ಅನ್ನುವ ಹೊಸ ಸಂಸ್ಥೆ ಹುಟ್ಟಿತು. ಹೆಂಗಸರ ಪಾದ್ರಿತನಕ್ಕೆ ಇವರ ಅಡ್ಡಿಯಿಲ್ಲ. ತಕರಾರು ಬೇರೆ ವಿಷಯದ್ದು. ಹೊರಡುವವರನ್ನು ಕೋರ್ಟಿಗೆಳೆಯದೆ ಮರ್ಯಾದೆಯಿಂದ ಕಳಿಸಿಕೊಡಿ ಎಂದು ಅಸೆಂಬ್ಲಿ 2008ರಲ್ಲೇ ಹೇಳಿತ್ತು. ಆದರೆ ಎಷ್ಟಕ್ಕೆ ಕಳಿಸುವುದು? ಸ್ಯಾನ್‌ಫ್ರಾನ್ಸಿಸ್ಕೋ ಪ್ರೆಸ್‌ಬಿಟರಿ ಡ್ಯಾನ್‌ವಿಲ್ ಎಂಬಲ್ಲಿಯ ಚರ್ಚನ್ನು ಕಟ್ಟಡದ ಬೆಲೆಯನ್ನು ಸರಿಯಾಗಿ ತೂಗಿ ನೋಡದೆ ಬಿಟ್ಟುಕೊಟ್ಟಿತು. 2012ರಲ್ಲಿ ಚರ್ಚಿನದೇ ಆದ ಮೇಲಿನ ನ್ಯಾಯಪೀಠ, ಹಾಗೆ ಬಿಟ್ಟುಕೊಟ್ಟದ್ದು ತಪ್ಪು, ನೀವು ಇಡೀ ಸಂಸ್ಥೆಯ ಪರವಾಗಿ ಆಸ್ತಿ ಕಾಯುವವರು ಅಂದಿತು.

ಅಲ್ಲಿಂದ ಮುಂದೆ ಲೆಕ್ಕದ ಪುಸ್ತಕ ಬಿಚ್ಚಿಕೊಂಡಿತು. ಅದೇ ಪ್ರೆಸ್‌ಬಿಟರಿಗೆ ಸೇರಿದ್ದ ಮೆನ್ಲೋ ಪಾರ್ಕ್ ಚರ್ಚಿನಲ್ಲಿ 2014ರಲ್ಲಿ ನೂರಕ್ಕೆ 93ರಷ್ಟು ಮಂದಿ ಹೊರಡೋಣ ಅಂದರು. ತೆತ್ತದ್ದು 88 ಲಕ್ಷ 90 ಸಾವಿರ ಡಾಲರ್. ಆಗಿನ ದರದಲ್ಲಿ 50 ಕೋಟಿ ರೂಪಾಯಿ ದಾಟುತ್ತದೆ. ಡಲ್ಲಾಸಿನ ಹೈಲ್ಯಾಂಡ್ ಪಾರ್ಕ್, ಹೌದು, 1991ರಲ್ಲಿ ಒಡೆದಿದ್ದ ಅದೇ ಚರ್ಚು, 2013ರಲ್ಲಿ ಮತ್ತೆ ಮತ ಹಾಕಿತು. ಈ ಬಾರಿ ನೂರಕ್ಕೆ ಸುಮಾರು 89 ಹೊರಡುವ ಕಡೆ. ಮೊದಲು ಕೋರ್ಟು, ಆಮೇಲೆ 2014ರಲ್ಲಿ ರಾಜಿ: 78 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು 47 ಕೋಟಿ.

ತಾವೇ ಕಾಣಿಕೆ ಹಾಕಿ ಕಟ್ಟಿದ ಗೋಡೆಗೆ ತಾವೇ ಮತ್ತೆ ದುಡ್ಡು ಕೊಡುವುದು ಇದ್ಯಾವ ನ್ಯಾಯ ಅಂತ ಹೊರಟವರ ಕೇಳ್ವಿ. ಕೇಳುವುದರಲ್ಲಿ ಅರ್ಥವಿದೆ. ಆದರೆ ಆ ಕಾಣಿಕೆ ಹಾಕಿದ ಅಜ್ಜ ಅಜ್ಜಿಯರು ಯಾವ ಹೆಸರಿನ ಚರ್ಚಿಗೆ ಅಂತ ಹಾಕಿದ್ದರು? ಉಳಿದವರ ಈ ಮರುಪ್ರಶ್ನೆಯೂ ತಳ್ಳಿಹಾಕುವಂಥದ್ದಲ್ಲ. ಇನ್ನು, ಹಣ ಕೊಡಲಾಗದ ಸಣ್ಣ ಊರಿನ ಸಭೆಗಳ ಪಾಡು? ಡಲ್ಲಾಸಿನ ಶ್ರೀಮಂತರು ಚೆಕ್ಕು ಬರೆದು ಹೊರಟರು. ಬಡ ಸಭೆಗೆ ಇದ್ದದ್ದು ಎರಡೇ ದಾರಿ, ಬಾಯಿ ಮುಚ್ಚಿಕೊಂಡು ಇರುವುದು ಇಲ್ಲವೇ ಬರಿಗೈಲಿ ಏಳುವುದು. ಆತ್ಮಸಾಕ್ಷಿಗೂ ಬ್ಯಾಂಕ್ ಬ್ಯಾಲೆನ್ಸು ಬೇಕು ಅನ್ನುವ ಹಾಗಾಯಿತು.

1983ರಲ್ಲಿ ಒಂದಾದಾಗ ಪಿ.ಸಿ.ಯು.ಎಸ್.ಎ. ಸದಸ್ಯರು ಸುಮಾರು 31 ಲಕ್ಷ. 2023ರ ಕೊನೆಗೆ 11 ಲಕ್ಷದ ಒಳಗೆ. ಎಲ್ಲರೂ ಜಗಳವಾಡಿ ಹೋದವರಲ್ಲ. ವಯಸ್ಸಾಗಿ ತೀರಿಕೊಂಡವರು, ಚರ್ಚಿಗೇ ಬರುವುದನ್ನು ಬಿಟ್ಟ ಅವರ ಮಕ್ಕಳು ಈ ಲೆಕ್ಕದಲ್ಲಿ ದೊಡ್ಡ ಪಾಲು. ಒಂದು ಕಾಲಕ್ಕೆ ವಕೀಲರನ್ನಿಟ್ಟು ಉಳಿಸಿಕೊಳ್ಳಬೇಕಾಗಿದ್ದ ಇಂಥ ಕಟ್ಟಡಗಳಲ್ಲಿ ಎಷ್ಟೋ ಈಗ ಮಾಡು ರಿಪೇರಿಗೂ ಕಾಸಿಲ್ಲದೆ ಮಾರಾಟಕ್ಕೆ ಬರುತ್ತಿವೆ.

ಹೊರಟು ಹೋದವರ ಹೊಸ ಸಂಸ್ಥೆಗಳಲ್ಲಿ ಸಿದ್ಧಾಂತ ಒಂದೊಂದು ಥರ. ಪಿ.ಸಿ.ಎ.ದು ಒಂದು, ಇಕೋದು ಇನ್ನೊಂದು. ಒಂದು ವಿಷಯಕ್ಕೆ ಮಾತ್ರ ಅವರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕಟ್ಟಡ ಆಯಾ ಊರಿನ ಸಭೆಯದು, ಮೇಲಿನವರಿಗೆ ಅದರ ಮೇಲೆ ಹಕ್ಕಿಲ್ಲ ಎಂದು ತಮ್ಮ ತಮ್ಮ ನಿಯಮ ಪುಸ್ತಕದಲ್ಲಿ ಬರೆಸಿ ಇಟ್ಟಿದ್ದಾರೆ.